ಥ್ರಿಪ್ ಮಹಾಶಯರ ಇನ್ನೂರು ಅರ್ಥಗಳು

ಇಂಗ್ಲೆಂಡಿನ ಲಿಂಕನ್‌ಶೈರಿನ ಒಂದು ಹಳ್ಳಿಯ ಕ್ಲೆಮೆಂಟ್ ಥ್ರಿಪ್ ಮಹಾಶಯರು ಮೂವತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾದ ಮರುದಿನವೇ ವಿದ್ವಾಂಸರಾದರು. ವಿದ್ವತ್ತೆಲ್ಲ ಒಂದೇ ಪದದ ಮೇಲೆ: ‘ಸೆಟ್’. ಜನ ಅದನ್ನು ‘ಸಿಟ್’ ಜೊತೆ ಕಲಸಿ ಕೆಡಿಸುತ್ತಾರೆಂಬ ಕೊರಗಿನಲ್ಲಿ ಅವರು ಅದರ ಇನ್ನೂರು ಅರ್ಥಗಳನ್ನು ಕೂಡಿಹಾಕಿದ್ದರು. ಸೂರ್ಯ ಮುಳುಗುವುದು, ಮುರಿದ ಎಲುಬು ಕೂಡಿಸುವುದು, ಕಟ್ಟಿಸಿದ ಹಲ್ಲು, ಟೆನ್ನಿಸ್ ಆಟದ ಒಂದು ಕಂತು. ಅವರನ್ನು ಕಂಡರೆ ಪಾದ್ರಿಯೂ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಪಾದ್ರಿಗೆ ಓದು ಸಾಲದೆಂದು ಥ್ರಿಪ್ ತೀರ್ಮಾನಿಸಿದರು.

ಅವರ ಆಸೆ ಒಂದೇ. ಜಿಲ್ಲೆಯ ಮಹಿಳಾ ಸಂಘಗಳು ಕರೆಸುವ ಭಾಷಣಕಾರರ ಪಟ್ಟಿಯಲ್ಲಿ ತಮ್ಮ ಹೆಸರು ಬರಬೇಕು. ಮೂರು ಅರ್ಜಿಗಳ ನಂತರ ಪರೀಕ್ಷೆ ನಿಗದಿಯಾಯಿತು. ಊರಿನ ಸಂಘದಲ್ಲಿ ಅವರು ಮಾತಾಡಬೇಕು, ಜಿಲ್ಲೆಯಿಂದ ಬರುವ ಮಿಸ್ ಓಕ್‌ಶಾಟ್ ಕೇಳಿ ಅಂಕ ಹಾಕಬೇಕು.

“ಭಾಷಣ ಹೇಗಾದ್ರೂ ಇರ್ಲಿ,” ಎಂದಳು ಹೆಂಡತಿ ಡೋರಿನ್, “ಆಮೇಲೆ ಜಾಮ್ ಸ್ಪರ್ಧೆಗೆ ನೀವೇ ತೀರ್ಪು ಕೊಡ್ಬೇಕು. ಎಲ್ಲದನ್ನೂ ಹೊಗಳಿ, ಯಾರಿಗಾದ್ರೂ ಒಬ್ರಿಗೆ ಮೊದಲ್ನೇ ಬಹುಮಾನ ಕೊಟ್ಬಿಡಿ.”

“ಜಾಮಿನ ವಿಷಯ ನನಗೆ ಹೇಳಬೇಡ.”

ಭಾಷಣ ನಡೆಯಿತು. ಹತ್ತನೆಯ ಅರ್ಥಕ್ಕೆ ಹೆಣಿಗೆಯ ಕಡ್ಡಿಗಳು ಹೊರಬಂದವು, ಇಪ್ಪತ್ತನೆಯದಕ್ಕೆ ಮೂವರು ತೂಕಡಿಸಿದರು. ಮಿಸ್ ಓಕ್‌ಶಾಟ್ ಮಾತ್ರ ಬೇಸರಪಡಲಿಲ್ಲ. ಪಟ್ಟಿಯಲ್ಲಿದ್ದ ಭಾಷಣಕಾರರೆಲ್ಲ ಹೀಗೇ ಕೊರೆಯುವವರು. ಆಕೆ ಅಂಕ ಹಾಕುತ್ತಲೇ ಹೋದರು. ಮೂವತ್ತೊಂದನೆಯದರಲ್ಲಿ ಅಧ್ಯಕ್ಷೆ ಶ್ರೀಮತಿ ಸ್ಪರ್ಲಿಂಗ್ ಎದ್ದರು.

“ಥ್ರಿಪ್ ಅವ್ರೇ, ಚಹಾ ಆರಿ ಹೋಗ್ತಿದೆ.”

“ಇನ್ನೂ ನೂರ ಅರವತ್ತೊಂಬತ್ತು ಬಾಕಿ ಇವೆಯಲ್ಲ, ಅಮ್ಮ.”

“ಅವು ಆರೋಲ್ಲ ಬಿಡಿ.”

ಸಭೆಯ ನಲವತ್ತೂ ಜನ ಚಪ್ಪಾಳೆ ತಟ್ಟಿದರು. ಮೇಜಿನ ಮೇಲೆ ಸಂಘದ ಹೆಂಗಸರೇ ಮಾಡಿ ತಂದ ಏಳು ಬಾಟಲಿ ಕಿತ್ತಳೆ ಜಾಮ್. ಥ್ರಿಪ್ ಚಮಚ ಹಿಡಿದು ಒಂದೊಂದನ್ನೂ ನೆಕ್ಕಿದರು, ಕಣ್ಣು ಮುಚ್ಚಿ ತೂಗಿ ನೋಡಿದರು. ಮಾತು ಮೊಟಕಾದ ಸಿಟ್ಟು ನಾಲಿಗೆಯಲ್ಲೇ ಇತ್ತು.

“ಮೊದಲ ಬಹುಮಾನಕ್ಕೆ ಯೋಗ್ಯವಾದದ್ದು ಇಲ್ಲಿಲ್ಲ. ಎರಡನೆಯದಕ್ಕೂ ಇಲ್ಲ. ಬೇಕಾದರೆ ಇದಕ್ಕೆ ಮೂರನೆಯದು ಕೊಡಬಹುದು.”

ತೂಕಡಿಸುತ್ತಿದ್ದ ಮೂವರೂ ಎಚ್ಚರಾದರು. ಯಾರೂ ಜಗಳಾಡಲಿಲ್ಲ, ಅದು ಆ ಊರಿನ ಪದ್ಧತಿಯಲ್ಲ. ಥ್ರಿಪ್ ಅವರಿಗೆ ಚಹಾ ಕೊಟ್ಟರು. ಕೇಕಿನ ತಟ್ಟೆ ಮಾತ್ರ ಅವರ ಮುಂದೆ ನಿಲ್ಲದೆ ಎರಡು ಸಲ ಸಾಗಿಹೋಯಿತು. ಮಿಸ್ ಓಕ್‌ಶಾಟ್ ತಾವು ಹಾಕಿದ್ದ ಅಂಕಗಳಿಗೆಲ್ಲ ಅಡ್ಡಗೆರೆ ಎಳೆದು, ಹಾಳೆ ಮಡಚಿ ಚೀಲಕ್ಕೆ ಸೇರಿಸಿದರು.

ವಸಂತದಲ್ಲಿ ಪಟ್ಟಿ ಬಂತು. ಒಣಹೂವಿನ ಅಲಂಕಾರದವಳಿದ್ದಳು, ಗುಂಡಿ ಸಂಗ್ರಹಿಸುವವನಿದ್ದ, ಥ್ರಿಪ್ ಇರಲಿಲ್ಲ.

“ಭಾಷೆ ಗೊತ್ತಿಲ್ಲದ ಹೆಂಗಸರು,” ಎಂದರು ಅವರು.

“ಚೆನ್ನಾಗಿದೆ ಅಂತ ಒಂದು ಮಾತು ಬಾಯಿಂದ ಬರ್ಲಿಲ್ವಾ ನಿಮ್ಗೆ?”

“ಚೆನ್ನಾಗಿರಲಿಲ್ಲ, ಡೋರಿನ್.”

“ನಿಮ್ಮ ಭಾಷಣ ಚೆನ್ನಾಗಿತ್ತು ಅಂತ ನಲವತ್ತು ಜನ ಚಪ್ಪಾಳೆ ತಟ್ಟಿದ್ರಲ್ಲ,” ಎಂದು ಡೋರಿನ್ ಪಾತ್ರೆ ತೊಳೆಯಲು ಎದ್ದಳು.