‘ಚಲೋ ಐತ್ರಿ’ ಅಂದ ಮೂರು ತಿಂಗಳು

ನಮ್ಮ ಮನೆಯಲ್ಲಿ ಯಾವುದೂ ತೀರುವುದಿಲ್ಲ. ಅಕ್ಕಿಯ ಡಬ್ಬಿಯ ತಳ ಕಂಡರೆ ನಮ್ಮ ಅತ್ತೆ ‘ಅಕ್ಕಿ ಹೆಚ್ಚಾಗ್ಯಾವ’ ಅನ್ನುತ್ತಾರೆ. ದೀಪ ಆರಿಸು ಅನ್ನುವುದಿಲ್ಲ, ‘ದೊಡ್ಡದು ಮಾಡು’ ಅನ್ನುತ್ತಾರೆ. ಒಡೆದ ಬಳೆಯೂ ಹೆಚ್ಚಾಗುತ್ತದೆ. ಹೊರಟು ನಿಂತವರು ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಯಾಕೆಂದರೆ ಮನೆಯೊಳಗೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತವಂತೆ. ಕೆಟ್ಟದ್ದು ಆಡಿದ ಗಳಿಗೆಯಲ್ಲಿ ಅವು ‘ಅಸ್ತು’ ಅಂದುಬಿಟ್ಟರೆ ಆಡಿದ್ದು ಆಗಿಯೇ ತೀರುತ್ತದಂತೆ. ಧಾರವಾಡದ ಕಡೆಯಿಂದ ನಾವು ಗೋವಾದ ಸಾಂಖಳಿಗೆ ಬಂದು ಹದಿನೆಂಟು ವರ್ಷವಾಯಿತು. ಆ ದೇವತೆಗಳೂ ನಮ್ಮ ಪಾತ್ರೆ-ಪಗಡದ ಜೊತೆ ಲಾರಿ ಹತ್ತಿ ಬಂದವು.

ಹದಿನೆಂಟು ವರ್ಷ ಇದನ್ನು ನಗುತ್ತ ಸಹಿಸಿದೆ. ಈಗ ನಗು ಬರುವುದಿಲ್ಲ. ಮೈಯೆಲ್ಲ ಉರಿಯುತ್ತದೆ. ನನ್ನ ಬಲಗೈ ಕೆಟ್ಟದ್ದು ಇದರಿಂದ.

ನಾನು ರಕ್ತ ತೆಗೆಯುವವಳು. ಸಾಂಖಳಿ ಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಪ್ಪ ಕೈಯವರು, ಒಣಗಿದ ಮುದುಕಿಯರು, ನರವೇ ಕಾಣದವರು, ಎಲ್ಲರನ್ನೂ ನನ್ನ ಕುರ್ಚಿಗೇ ಕಳಿಸುತ್ತಿದ್ದರು. ಬೆರಳ ತುದಿಯಿಂದ ಮುಟ್ಟಿದರೆ ನರ ಎಲ್ಲಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಒಂದೇ ಸಲ ಚುಚ್ಚುತ್ತಿದ್ದೆ. ಆ ಬಗ್ಗೆ ನನಗೆ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ಬಾಯಿಯೂ ಜೋರಾಗಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಜನ ಚಹಾ ಕುಡಿದು ಬರುತ್ತಾರೆ. ಕೇಳಿದರೆ ದೇವರಾಣೆ ಏನೂ ತಿಂದಿಲ್ಲ ಅನ್ನುತ್ತಾರೆ, ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ಇರುತ್ತದೆ. ‘ನನಗ ಸುಳ್ಳ ಹೇಳ್ರಿ, ಪರವಾಗಿಲ್ಲ. ನಿಮ್ಮ ರಕ್ತಕ್ಕ ಯಾಕ ಸುಳ್ಳ ಹೇಳ್ತೀರಿ?’ ಎಂದು ಎಷ್ಟು ಜನರನ್ನು ಎಬ್ಬಿಸಿ ಕಳಿಸಿದ್ದೇನೋ ಲೆಕ್ಕವಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಅದು ನಾನೇ ಎಂದು ಆಗ ಗೊತ್ತಿರಲಿಲ್ಲ.

ಹೋದ ಮಳೆಗಾಲದ ಮೊದಲ ಮಳೆಯಲ್ಲಿ ಬಿದ್ದೆ. ಅದಿರಿನ ಟ್ರಕ್ಕುಗಳು ಉದುರಿಸಿಹೋದ ಕೆಂಪು ಧೂಳಿನ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆ ಹೇಗಾಗುತ್ತದೆ ಎಂದು ಇಲ್ಲಿ ಸ್ಕೂಟರ್ ಓಡಿಸುವವರಿಗೆಲ್ಲ ಗೊತ್ತು. ತಿರುವಿನಲ್ಲಿ ಗಾಡಿ ಜಾರಿತು, ಬಲಗೈ ಊರಿದೆ, ಮಣಿಕಟ್ಟು ಮುರಿಯಿತು. ಮೊಣಕೈಯ ಕೆಳಗಿನಿಂದ ಅಂಗೈವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರ ಇರಲಿ, ಬೆರಳು ಮಾತ್ರ ದಿನವೂ ಆಡಿಸುತ್ತಿರಿ, ಜೋಮು ಹಿಡಿದರೆ, ಬಾತರೆ ಕೂಡಲೇ ಬಂದು ತೋರಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಬಾತವು. ಜೋಮೂ ಹಿಡಿಯಿತು. ಎರಡನೆಯ ವಾರಕ್ಕೆ ಬೆರಳುಗಳು ಉಬ್ಬಿ, ಹೊಳೆದು, ನನ್ನವಲ್ಲ ಅನ್ನಿಸತೊಡಗಿದವು. ಆಡಿಸಲು ಹೋದರೆ ಪ್ರಾಣ ಹೋಗುವಷ್ಟು ನೋವು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಹೊಸ ಶಾಸ್ತ್ರವೊಂದು ಶುರುವಾಗಿತ್ತು. ನನ್ನ ಗಂಡ ಮೊಬೈಲಿನಲ್ಲಿ ಯಾವನೋ ಒಬ್ಬನ ಭಾಷಣ ಕೇಳುತ್ತಿದ್ದ. ಕೋಟು ತೊಟ್ಟವನೊಬ್ಬ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ನಿಮ್ಮ ಗುರಿ ಆಗಲೇ ಕೈಗೂಡಿದೆ ಎಂದು ನಂಬಿ, ನೆಗೆಟಿವ್ ಮಾತು ಆಡಲೇಬೇಡಿ, ನೋವು ಅಂದರೆ ನೋವೇ ಬರುತ್ತದೆ ಎಂದು ಕೂಗುತ್ತಿದ್ದ. ಗಂಡ ಒಂದು ಹಾಳೆಯ ಮೇಲೆ ‘ನನ್ನ ಕೈ ಪೂರ್ತಿ ಗುಣವಾಗಿದೆ’ ಎಂದು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಬೆಳಿಗ್ಗೆ ಎದ್ದು ಇಪ್ಪತ್ತೊಂದು ಸಲ ಹೇಳಬೇಕು.

ಅತ್ತೆಗೆ ಆದ ಸಂತೋಷ ಹೇಳತೀರದು. ‘ನೋಡು, ನಮ್ಮ ಹಿರ್ಯಾರು ಹೇಳಿದ್ದೂ ಇದನ್ನ. ಈಗ ಮೊಬೈಲನ್ಯಾಗ ಬಂದ್ರ ನಿಮಗ ಖರೇ ಅನಸ್ತೈತಿ’ ಅಂದರು. ಹದಿನೆಂಟು ವರ್ಷದಲ್ಲಿ ತಾಯಿ-ಮಗ ಒಂದು ವಿಷಯದಲ್ಲೂ ಒಪ್ಪಿದ್ದು ನಾನು ನೋಡಿರಲಿಲ್ಲ. ಒಪ್ಪಲಿಕ್ಕೆ ಅವರಿಗೆ ನನ್ನ ಕೈಯೇ ಬೇಕಾಗಿತ್ತು.

ನಾನೇಕೆ ಸುಮ್ಮನಿದ್ದೆ? ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ‘ನಿಮಗ ಸಿಟ್ಟ ಭಾಳ ರೀ, ಅದಕ್ಕ ಹಿಂಗ ಆಕ್ಕೈತಿ. ಸ್ವಲ್ಪ ಶಾಂತ ಇರ್ರಿ.’ ಟ್ರಕ್ಕಿನವನು ಧೂಳು ಚೆಲ್ಲಿದ್ದಕ್ಕೂ ನನ್ನ ಸಿಟ್ಟೇ ಕಾರಣ! ಆದರೂ ಮುರಿದ ಕೈ ಹೊತ್ತು ಕೂತವಳಿಗೆ ಯಾವ ಮಾತು ಎಲ್ಲಿ ತಾಗುತ್ತದೆಂದು ಹೇಳಲಾಗದು. ಇರಬಹುದೇನೋ ಅನ್ನಿಸಿತು. ಕೈ ವಾಪಸು ಬರುವುದಾದರೆ ನಗುತ್ತೇನೆ, ಏನಂತೆ ಅಂದುಕೊಂಡೆ. ನನಗೆ ನನ್ನ ಕುರ್ಚಿ ಬೇಕಾಗಿತ್ತು.

ಹಾಗಾಗಿ ಮುಂದಿನ ತಪಾಸಣೆಯಲ್ಲಿ ಡಾಕ್ಟರು ‘ಜೋಮು ಇದೆಯಾ?’ ಎಂದು ಕೇಳಿದಾಗ, ನಾನು ಬಾಯಿ ತೆರೆಯುವುದರೊಳಗೆ ಅತ್ತೆ ತಮಗೆ ಬರುವ ಕೊಂಕಣಿಯಲ್ಲಿ ‘ಬರೆಂ ಆಸಾ ಡಾಕ್ಟರ, ಏಕದಮ್ ಬರೆಂ’ ಅಂದರು. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಡಾಕ್ಟರು ನನ್ನ ಮುಖ ನೋಡಿದರು. ನಾನು ಹಲ್ಲು ಕಿಸಿದು ತಲೆ ಆಡಿಸಿದೆ. ಹೊರಗೆ ಹತ್ತಾರು ಮಂದಿ ಕಾಯುತ್ತಿದ್ದರು. ಅವರು ಚೀಟಿಯಲ್ಲಿ ಏನೋ ಗೀಚಿ ಮುಂದಿನವರನ್ನು ಕರೆದರು.

ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ. ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವಳು ವಾಳಪೈ ಕಡೆಯ ಹುಡುಗಿ, ಕೊಂಕಣಿಯವಳು, ಸಣ್ಣ ವಯಸ್ಸು. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದಳು. ಎರಡು ಅಂದೆ. ಎಂಟಿತ್ತು. ಮನೆಯಲ್ಲಿ ವ್ಯಾಯಾಮ ಮಾಡುತ್ತೀರಾ ಎಂದಳು. ಎಲ್ಲವನ್ನೂ ಮಾಡುತ್ತೇನೆ ಅಂದೆ. ಒಂದನ್ನೂ ಮಾಡುತ್ತಿರಲಿಲ್ಲ, ನೋವಿಗೆ ಹೆದರಿ. ನೋವಾಗುತ್ತದೆ ಎಂದು ಮನೆಯಲ್ಲಿ ಹೇಳುವಂತಿಲ್ಲ. ಹೇಳದೆ ಇದ್ದದ್ದಕ್ಕೆ ಸಹಾಯ ಮಾಡುವವರೂ ಇಲ್ಲ. ನಾನು ಹೇಳಿದ್ದನ್ನೇ ನಂಬಿ ಅವಳು ಎರಡು ದಿನಕ್ಕೊಮ್ಮೆ ಇದ್ದದ್ದನ್ನು ಹದಿನೈದು ದಿನಕ್ಕೊಮ್ಮೆ ಬನ್ನಿ ಅಂದಳು. ಆ ದಿನ ಅತ್ತೆ ಸಿಹಿ ಸಜ್ಜಕ ಮಾಡಿದರು. ನಾನು ಎಡಗೈಯಲ್ಲಿ ತಿಂದೆ.

ಬಿದ್ದು ಮೂರು ತಿಂಗಳಿಗೆ ಲ್ಯಾಬಿಗೆ ಹೋದೆ. ಆ ದಿನ ಮೊದಲು ಬಂದವರು ವಿಜಯಪುರದ ಕಡೆಯ ಒಬ್ಬ ಹೆಂಗಸು, ಇಲ್ಲಿ ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊರುವವರು, ಸಕ್ಕರೆ ಪರೀಕ್ಷೆಗೆ ಬಂದಿದ್ದರು. ತೋಳಿಗೆ ರಬ್ಬರ್ ಪಟ್ಟಿ ಬಿಗಿದೆ. ನರ ದಾರದಂತೆ ಎದ್ದು ಕಾಣುತ್ತಿತ್ತು, ಕಲಿಯುವ ಹುಡುಗಿಗೂ ಸಿಗುವಂಥ ನರ. ಮನಸ್ಸಿನಲ್ಲಿ ನನ್ನ ಕೈ ಪೂರ್ತಿ ಗುಣವಾಗಿದೆ, ನನ್ನ ಕೈ ಪೂರ್ತಿ ಗುಣವಾಗಿದೆ ಎಂದುಕೊಂಡೇ ಚುಚ್ಚಿದೆ. ಸೂಜಿ ಬೆರಳುಗಳ ನಡುವೆ ಹೊರಳಿತು. ತೋಳು ನೀಲಿಗಟ್ಟಿತು. ‘ಏನಿಲ್ಲ ಬೇ, ಚಲೋ ಐತಿ, ಇನ್ನೊಮ್ಮೆ ನೋಡೂಣು’ ಅಂದೆ.

ಆ ಹೆಂಗಸು ಕೈ ಹಿಂದೆ ಎಳೆದುಕೊಂಡರು. ‘ಎಲ್ಲಿ ಚಲೋ ಐತಿ? ನಿನ್ನ ಬೆರಳ ನೋಡಿಕೊ. ಆಗವಲ್ದಂದ್ರ ಆಗವಲ್ದು ಅನ್ನಬೇಕವ್ವಾ. ನೀ ಚಲೋ ಐತಿ ಅನ್ನೂದ್ಕ ನನ್ನ ರಟ್ಟಿ ಯಾಕ ಹಾಳ ಮಾಡ್ತಿ? ನಾಳೆ ನಾ ಬುಟ್ಟಿ ಹೊರಬೇಕು.’

ಬೇರೆ ಟೆಕ್ನಿಷಿಯನ್ ಬಂದು ರಕ್ತ ತೆಗೆದಳು. ಕೈಲಾಗದವನು ಮೈ ಪರಚಿಕೊಂಡ ಅನ್ನುವ ಹಾಗೆ, ಮೊದಲು ನನಗೆ ಆ ಹೆಂಗಸಿನ ಮೇಲೆಯೇ ಸಿಟ್ಟು ಬಂತು. ಮನೆಗೆ ನಡೆದು ಬರುವುದರೊಳಗೆ ಆ ಸಿಟ್ಟು ತನ್ನ ದಾರಿ ಹುಡುಕಿಕೊಂಡಿತ್ತು.

ಬಾಗಿಲಲ್ಲೇ ಅತ್ತೆ ‘ಹೆಂಗಾತು? ಚಲೋ ಆತಿಲ್ಲೊ?’ ಅಂದರು. ನಾನು ಸೀದಾ ಒಳಗೆ ಹೋಗಿ ಫ್ರಿಜ್ಜಿನ ಮೇಲಿನ ಹಾಳೆಯನ್ನು ಹರಿದೆ. ಎಡಗೈಯಿಂದ ಹರಿದೆ, ಬಲಗೈಗೆ ಅದೂ ಆಗುತ್ತಿರಲಿಲ್ಲ. ‘ಇಲ್ಲ! ಆಗಲಿಲ್ಲ! ಬೆರಳು ಮಡಚವಲ್ವು! ಮೂರು ತಿಂಗಳಾತು, ಎಂಟಾಣೆ ಭಾರನೂ ಹಿಡಿಯಾಕ ಬರವಲ್ದು! ನೋವಿಗೆ ನಿದ್ದಿ ಇಲ್ಲ ನನಗ!’ ಅತ್ತೆ ಕಿವಿ ಮುಚ್ಚಿಕೊಂಡು ‘ಅಸ್ತು ಅಂದಾವು, ಸುಮ್ಮನಿರ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ’ ಅಂದರು. ‘ಅನ್ಲಿ! ಎಷ್ಟ ಸಲ ಅಂತಾವ ಅನ್ಲಿ! ಚಲೋ ಐತಿ ಅಂದಾಗ ಎಲ್ಲಿ ಸತ್ತಿದ್ವು ಅವು? ಆವಾಗ ಒಂದರ ಅಸ್ತು ಅಂದ್ವೇನು?’ ಗಂಡ ಏನೋ ಹೇಳಲು ಬಾಯಿ ತೆರೆದ. ಪಾಸಿಟಿವ್ ಅನ್ನುವ ಮಾತು ಬಂದರೆ ಮೊಬೈಲನ್ನು ಬಾವಿಗೆ ಎಸೆಯುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗಿಯ ಮುಂದೆ ಕೂತು ಎಲ್ಲ ಹೇಳಿದೆ. ನೋವು ಎಂಟು, ವ್ಯಾಯಾಮ ಸೊನ್ನೆ. ಅವಳ ಮುಖ ಕೆಂಪಾಯಿತು. ‘ಫಟ್ ಮಾರಲ್ಯಾರ್ ಹಾಂವೆಂ ಕಿತೆಂ ಕರಚೆಂ?’ ಅಂದಳು. ನೀವು ಸುಳ್ಳು ಹೇಳಿದರೆ ನಾನು ಏನು ಮಾಡಲಿ! ನನ್ನ ಅರ್ಧ ವಯಸ್ಸಿನವಳು ನನ್ನನ್ನು ಬೈದಳು, ನಾನು ಚಹಾ ಕುಡಿದು ಬಂದವರನ್ನು ಬೈಯುವ ಹಾಗೆಯೇ. ಆಮೇಲೆ ಒಂದು ಸ್ಕೇಲು ತಂದು ನನ್ನ ನಡುಬೆರಳಿನ ತುದಿಗೂ ಅಂಗೈಗೂ ನಡುವೆ ಇಟ್ಟಳು. ನಾಲ್ಕು ಸೆಂಟಿಮೀಟರು. ಸುಲಭವಾಗಿ ಬರುವ ಕಾಲ ಹೋಯಿತು, ಇನ್ನು ಬಂದಷ್ಟು ಬರುತ್ತದೆ, ಪೂರ್ತಿ ಬರುವುದಿಲ್ಲ ಅಂದಳು.

ಆ ಮಾತು ಕೇಳಿ ಅತ್ತುಬಿಟ್ಟೆ. ಆದರೆ ಮೂರು ತಿಂಗಳಲ್ಲಿ ಮೊದಲ ಸಲ ನನ್ನೊಳಗೆ ಆಸೆ ಹುಟ್ಟಿದ್ದೂ ಅವತ್ತೇ. ನಾಲ್ಕನ್ನು ಮೂರೂವರೆ ಮಾಡಬಹುದು. ಪೂರ್ತಿ ಗುಣವಾದ ಕೈಗೆ ಮಾಡುವುದಕ್ಕೇನಿದೆ, ಮಣ್ಣಾಂಗಟ್ಟಿ? ದಿನಕ್ಕೆ ನಾಲ್ಕು ಸಲ ಬಿಸಿನೀರಿನಲ್ಲಿ ಕೈ ಅದ್ದಿ, ಬೆರಳುಗಳನ್ನು ಒತ್ತಿ ಮಡಚಿದೆ. ಕಿರುಚಿದೆ. ಕಿಟಕಿ ತೆರೆದೇ ಕಿರುಚಿದೆ, ಓಣಿಗೆಲ್ಲ ಕೇಳಲಿ ಎಂದು. ಮೊದಲ ವಾರ ಅತ್ತೆ ದೇವರ ಕೋಣೆಯಿಂದ ಹೊರಗೇ ಬರಲಿಲ್ಲ. ಎರಡನೆಯ ವಾರ ಬಿಸಿನೀರು ತಾವೇ ತಂದಿಟ್ಟರು. ಒಂದು ದಿನ ನನ್ನ ಬೆರಳು ಹಿಡಿದು ಒತ್ತಿದರು. ನನಗಿಂತ ಜೋರಾಗಿ ಒತ್ತುತ್ತಿದ್ದರು.

ಬಿದ್ದು ಐದು ತಿಂಗಳಿಗೆ ಆ ಅಂತರ ಒಂದೂವರೆ ಸೆಂಟಿಮೀಟರಿಗೆ ಬಂದು ನಿಂತಿತು. ಸೂಜಿ ಹಿಡಿಯುವ ಬಿಗಿ ಬರಲಿಲ್ಲ. ಹಾಗಾದರೆ ಎಡಗೈ ಎಂದು ಹಟ ಹಿಡಿದೆ. ರಬ್ಬರ್ ನಳಿಗೆಗೆ ಬಟ್ಟೆ ಸುತ್ತಿ ಎಡಗೈಯಿಂದ ಚುಚ್ಚುವುದನ್ನು ಕಲಿತೆ. ಬಲಗೈಯ ಹೆಬ್ಬೆರಳು ಚರ್ಮ ಎಳೆದು ಹಿಡಿಯುವಷ್ಟಕ್ಕೆ ಸಾಕಾಗಿತ್ತು. ಲ್ಯಾಬಿನ ಡಾಕ್ಟರು ಒಳ್ಳೆಯವರು, ಆದರೆ ಅವರೂ ಎಷ್ಟು ದಿನ ಕಾಯುತ್ತಾರೆ? ಸೋಮವಾರದಿಂದ ನನ್ನ ಜಾಗಕ್ಕೆ ಹೊಸಬಳು ಬರುವವಳಿದ್ದಳು. ಶನಿವಾರ ಮಧ್ಯಾಹ್ನ ನನ್ನೆದುರು ಒಂದು ರಕ್ತ ತೆಗೆದು ತೋರಿಸಿ, ನೋಡೋಣ ಅಂದರು. ಒಪ್ಪಿ ಕೈ ಕೊಡುವವರನ್ನು ನೀವೇ ಕರೆತನ್ನಿ ಅಂದರು.

ಗಂಡ ಸೂಜಿ ಕಂಡರೆ ಬೀಳುವವನು. ಅತ್ತೆ ಸೀರೆ ಬದಲಿಸಿಕೊಂಡು ‘ನಡಿ’ ಅಂದರು.

ಲ್ಯಾಬಿನಲ್ಲಿ ಕುರ್ಚಿಯ ಮೇಲೆ ಎಡತೋಳು ಚಾಚಿ ಕೂತರು. ಎಪ್ಪತ್ತೆರಡು ವರ್ಷದ ತೋಳು, ಜಾರುವ ನರ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಚುಚ್ಚಿದೆ. ಟ್ಯೂಬಿಗೆ ಏನೂ ಬರಲಿಲ್ಲ. ಡಾಕ್ಟರು ಬಾಗಿ ‘ದುಖ್ಲೆಂ?’ ಎಂದು ಕೇಳಿದರು. ನೋವಾಯಿತಾ ಎಂದು. ನನಗೆ ಉತ್ತರ ಗೊತ್ತಿತ್ತು. ಇಲ್ಲ ಅನ್ನುತ್ತಾರೆ, ಏಕದಮ್ ಬರೆಂ ಅನ್ನುತ್ತಾರೆ. ಡಾಕ್ಟರಿಗೆ ಅದು ಸುಳ್ಳೆಂದು ತಿಳಿಯುತ್ತದೆ, ನನ್ನ ಕಥೆ ಅಲ್ಲಿಗೆ ಮುಗಿಯಿತು.

‘ಹೂಂ, ಭಾಳ ನೋವಾತ್ರಿ’ ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. ‘ತಪ್ಪಿದಿ ನೀ. ನರ ಈ ಕಡೆ ಜಾರಿತು, ನನಗ ಗೊತ್ತಾತು. ಜೋರ ಹಿಡಿ, ಈ ಕೈಯಾಗ ಹಾಕು.’ ಬಲತೋಳು ಚಾಚಿದರು.

ಹೆಬ್ಬೆರಳಿನಿಂದ ಚರ್ಮ ಬಿಗಿಯಾಗಿ ಹಿಡಿದೆ. ಚುಚ್ಚಿದೆ. ಟ್ಯೂಬು ತುಂಬಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸೋಮವಾರ ಎಂಟಕ್ಕೆ ಬನ್ನಿ ಎಂದು ಹೇಳಿ ಒಳಗೆ ಹೋದರು.

ಅತ್ತೆಯ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದೆ. ಸಂತೋಷ ಆಗಬೇಕಾಗಿತ್ತು, ಅಳು ಬರಬೇಕಾಗಿತ್ತು. ಬಂದದ್ದು ಸಿಟ್ಟು. ‘ಭಾಳ ನೋವಾತ್ರಿ ಅಂತ ಡಾಕ್ಟರಿಗೆ ಹೇಳಾಕ ಬರ್ತೈತಲ್ರಿ ನಿಮಗ! ನನಗ ಪ್ಲಾಸ್ಟರ್ ಹಾಕಿದಾಗ ಈ ಮಾತ ಎಲ್ಲಿ ಹೋಗಿತ್ತು?’

ಅತ್ತೆ ನನ್ನ ಮುಖವನ್ನೇ ನೋಡಿದರು. ‘ನಾ ಹೇಳಲಿಲ್ಲ, ಖರೇ. ನನ್ನ ತಪ್ಪು. ಆದ್ರ ನೋವ ನಿಂದಿತ್ತು, ಬಾಯೀನೂ ನಿಂದಿತ್ತು. ಪ್ಲಾಸ್ಟರ್ ಕೈಗೆ ಹಾಕಿದ್ರು. ಬಾಯಿಗೆ ಯಾರ ಹಾಕಿದ್ರು?’