ಮೀಟರಿಗೆ ಮುಡಿಸಿದ ಮಲ್ಲಿಗೆ

ಮೊನ್ನೆಮೊನ್ನೆಯವರೆಗೂ ನಮ್ಮ ಮನೆಯಲ್ಲಿ ದಿನದ ಮೊದಲ ಮಲ್ಲಿಗೆ ಸಲ್ಲುತ್ತಿದ್ದದ್ದು ದೇವರಿಗಲ್ಲ, ನನ್ನ ಬೈಕಿನ ಮೀಟರಿಗೆ. ಇನ್ನಂಜೆಯ ಅಂಗಳದಲ್ಲಿ ಮಲ್ಲಿಗೆ ಗಿಡ ಸಾಕಿಕೊಂಡವರಿಗೆ ಇದು ಅಂಥ ಆಶ್ಚರ್ಯದ ಮಾತಲ್ಲ. ನಸುಕಿಗೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನೀರು ಚಿಮುಕಿಸಿ ಪೇಟೆಗೆ ಕಳಿಸುವ ಗಡಿಬಿಡಿಯ ನಡುವೆಯೂ ನನ್ನ ಹೆಂಡತಿ ವಸಂತಿ ಒಂದು ತುಂಡು ಹೂವನ್ನು ಬದಿಗಿಟ್ಟು, ನಾನು ಹೆಲ್ಮೆಟ್ ಹುಡುಕುವಷ್ಟರಲ್ಲಿ ಬಂದು ಹ್ಯಾಂಡಲಿನ ನಡುವೆ ಮುಡಿಸಿಬಿಡುತ್ತಿದ್ದಳು. ಮೀಟರೆಂದರೆ ಮುಳ್ಳು ತಿರುಗುವ ಹಳೆಯ ಗುಂಡು ಡಬ್ಬಿಯಲ್ಲ, ಮೊಬೈಲಿನಂಥ ಬಣ್ಣದ ಪರದೆ. ಹೂವು ಅದರ ಮೇಲೆ ಅಡ್ಡ ಮಲಗಿದರೆ ವೇಗ ಕಾಣುವುದಿಲ್ಲ, ತೆಗೆದಿಟ್ಟರೆ ಅವಳ ಮುಖ ನೋಡಲಾಗುವುದಿಲ್ಲ. ಹಾಗಾಗಿ ಶಿರ್ವ ದಾಟಿ ಹೂವನ್ನು ಬದಿಗೆ ಸರಿಸುವವರೆಗೂ ನಾನು ಅಂದಾಜಿನ ವೇಗದಲ್ಲೇ ಹೋಗುತ್ತಿದ್ದೆ.

ಆ ಹೂವಿನ ಹಿಂದೆ ಇದ್ದದ್ದು ಭಕ್ತಿಗಿಂತ ಹೆಚ್ಚಾಗಿ ಭಯ. ಕಾರ್ಕಳದ ಒಂದು ಶಿಲ್ಪಶಾಲೆಯಲ್ಲಿ ಕಲ್ಲಿನ ಮೇಲೆ ಮೂರ್ತಿಯ ಗೆರೆ ಬರೆಯುವುದು ನನ್ನ ಕೆಲಸ. ನಾನು ಎಳೆದ ಗೆರೆಗುಂಟ ಕಲ್ಲು ಕೊರೆಯುವ ಯಂತ್ರಗಳ ಬಗಲಲ್ಲೇ ಆಯುಷ್ಯದ ಬಹುಭಾಗ ಕಳೆದ ಫಲವಾಗಿ ನನ್ನ ಕಿವಿಗಳು ಮೆಲ್ಲಮೆಲ್ಲನೆ ಕೆಲಸ ಬಿಟ್ಟವು. ಮಣಿಪಾಲದ ಡಾಕ್ಟರು ಕೊಟ್ಟ ಕಿವಿಯ ಮಷಿನ್ನುಗಳು ಮನೆಯಲ್ಲಿ ಸಾಧುಗಳು, ಹೆಲ್ಮೆಟ್ಟಿನೊಳಗೆ ಮಾತ್ರ ಸಿಳ್ಳೆ ಹೊಡೆಯುವ ಪೋಕರಿಗಳು. ಆದ್ದರಿಂದ ಬೈಕು ಹತ್ತುವಾಗ ಅವು ಜೇಬಿಗಿಳಿಯುತ್ತವೆ, ನಾನು ನಿಶ್ಶಬ್ದಕ್ಕಿಳಿಯುತ್ತೇನೆ. ಎಂಜಿನ್ನಿನ ದನಿ ಕೇಳಿ ಗೇರು ಬದಲಿಸುವ ಸುಖ ನನಗಿಲ್ಲ, ಎಷ್ಟನೆಯ ಗೇರು ಎಂದು ಪರದೆಯೇ ಹೇಳಬೇಕು. ಹಿಂದಿನ ವಾಹನಗಳನ್ನು ಕನ್ನಡಿ ನೋಡಿಕೊಳ್ಳುತ್ತದೆ, ಉಳಿದದ್ದನ್ನೆಲ್ಲ ಮೀಟರು ನೋಡಿಕೊಳ್ಳುತ್ತದೆ.

ಬಸ್ಸಿನಲ್ಲಿ ಹೋಗಬಾರದೇ ಎಂದು ನೀವು ಕೇಳಬಹುದು. ಹೋಗಿ ನೋಡಿದ್ದೇನೆ. ಬಸ್ಸಿನಲ್ಲಿ ನಮ್ಮ ಊರಿನವರು ಮಾತಾಡದೆ ಕೂರುವುದಿಲ್ಲ. ನಾನು ಸಾವಿನ ಸುದ್ದಿಗೆ ನಕ್ಕು, ಮದುವೆಯ ಕರೆಗೆ ಮುಖ ಸಣ್ಣದು ಮಾಡಿ, ಇಳಿಯುವ ಹೊತ್ತಿಗೆ ಬೆವರಿಹೋಗಿರುತ್ತೇನೆ. ಬೈಕಿನ ಮೇಲೆ ಆ ಸಂಕಟವಿಲ್ಲ. ಹೆಲ್ಮೆಟ್ ಹಾಕಿದವರೆಲ್ಲ ಅಷ್ಟಿಷ್ಟು ಕಿವುಡರೇ, ಅಲ್ಲಿ ನಾನು ಹತ್ತರ ಜೊತೆ ಹನ್ನೊಂದನೆಯವನು. ಬೆಳ್ಮಣ್ಣು ದಾಟಿ, ನಿಟ್ಟೆ ಕಳೆದು, ಕಾರ್ಕಳದ ಬಂಡೆಗಳು ಕಾಣಿಸುವವರೆಗೆ ನಾನು ಯಾರ ಕರುಣೆಯ ವಸ್ತುವೂ ಅಲ್ಲ ಎಂಬುದು ಎಷ್ಟು ದೊಡ್ಡ ಸುಖವೆಂದು, ಮಿತ್ರರೇ, ಕಿವಿ ಚೆನ್ನಾಗಿರುವ ನಿಮಗೆ ಹೇಗೆ ಹೇಳಲಿ?

ಅಂಥ ಪರದೆ ಒಂದು ಬೆಳಿಗ್ಗೆ ಬೆಳ್ಮಣ್ಣಿನ ಬಳಿ ಮಂಜು ಕಟ್ಟಿದಂತೆ ಮಬ್ಬಾಗಿ, ಎರಡು ಸಲ ಮಿನುಗಿ, ಕಪ್ಪಾಯಿತು. ಅಲ್ಲಿಂದಲೇ ತಿರುಗಿಸಿ, ಅಂದಾಜಿನ ಗೇರಿನಲ್ಲಿ ಹೇಗೋ ಮನೆ ಮುಟ್ಟಿದೆ. ಸಂಜೆಗೆ ಕಲ್ಯಾಣಪುರದಿಂದ ಬಂದ ವಸಂತಿಯ ಅಣ್ಣ ಚಾ ಲೋಟ ಕೆಳಗಿಡುವ ಮೊದಲೇ ತೀರ್ಪು ಕೊಟ್ಟರು. "ಸಾಕು ಮಾರಾಯ, ಇದು ದೇವರೇ ಹೇಳಿದ್ದು. ಬೈಕ್ ಮಾರಿಬಿಡು." ವಸಂತಿ ಅಣ್ಣನ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದಳು. ಕಿವಿ ಇದ್ದ ಕಾಲದಲ್ಲಿ ಅವಳು ನನ್ನ ಬೆನ್ನ ಹಿಂದೆ ಕೂತು ಊರಿನ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ನಾನು ಕೇಳಿಸಿಕೊಳ್ಳದಂತಾದ ಮೇಲೆ ಬೈಕು ಹತ್ತುವುದನ್ನೇ ಬಿಟ್ಟಿದ್ದಳು. "ಕರೆದ್ರೆ ತಿರುಗದ ಮನುಷ್ಯನ ಹಿಂದೆ ಹೇಗೆ ಕೂರುವುದು?" ಎಂದು ಒಮ್ಮೆ ಕೇಳಿದ್ದಳು. ಆ ಸಂಜೆ ಅವಳು ಬಗ್ಗಿಸಿದ ಚಾ ಅಣ್ಣನ ಪಕ್ಷ ವಹಿಸಿದಂತೆ ನನಗೆ ಕಂಡಿತು, ಬಹಳ ನೋವಾಯಿತು.

ಮರುದಿನ ಬೈಕನ್ನು ಟೆಂಪೋದಲ್ಲಿ ಹೇರಿಸಿ ಉಡುಪಿಯ ಡೀಲರಿನ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿ ಗ್ರಾಹಕರನ್ನು ನೋಡಿಕೊಳ್ಳುವ ನಸೀಮಾ ಎಂಬ ಹೆಜಮಾಡಿಯ ಹೆಣ್ಣುಮಗಳು, ನನ್ನ ಕಿವಿಯ ಮಷಿನ್ನು ಕಂಡದ್ದೇ ತಡ, ಎದುರಿಗೆ ಬಂದು ನಿಂತು ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡತೊಡಗಿದಳು. ಮೀಟರು ಬಿಚ್ಚಿದಾಗ ಒಳಗೆ ನೀರು, ಅಂಚಿನಲ್ಲಿ ಬಾಳೆನಾರಿನ ಎಳೆ, ಕಂದಿಹೋದ ಒಂದು ಮೊಗ್ಗು. "ಎಂತ ಸರ್ ಇದು, ಮೀಟರಿಗೆ ಮದುವೆ ಮಾಡಿಸಿದ್ರಾ?" ಎಂದಳು. ಅಂಚಿನ ರಬ್ಬರು ಮೊದಲೇ ಸಡಿಲವಿದ್ದುದರಿಂದ ವಾರಂಟಿಯಲ್ಲೇ ಹೊಸದು ಬರುತ್ತದೆ, ಆದರೆ ಕಾಯಬೇಕು ಎಂದಳು. ಈ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ವಸಂತಿ ಕೈಯಲ್ಲಿದ್ದ ಬಾಳೆನಾರನ್ನು ಕೆಳಗಿಟ್ಟು, "ನಿಮ್ಮನ್ನು ಕಾಯ್ಲಿ ಅಂತಲ್ವಾ ನಾನು ಹಾಕಿದ್ದು" ಎಂದಳು. ಅವಳ ಕಣ್ಣು ತುಂಬಿತ್ತು. ನನ್ನ ಕೋಪ ಅಲ್ಲೇ ಕರಗಿತು.

ಹೊಸ ಮೀಟರು ಬಂದ ದಿನ ನಸೀಮಾ ಲ್ಯಾಪ್‌ಟಾಪಿನ ವೈರನ್ನು ಬೈಕಿಗೆ ಸಿಕ್ಕಿಸಿ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿದಳು. ಹಳೆಯ ಕಿಲೋಮೀಟರುಗಳು ಒಂದೂ ಬಿಡದೆ ಹೊಸ ಪರದೆಗೆ ದಾಟಿ ಬಂದವು. ಆಮೇಲೆ ಅವಳು, ಯಾರೂ ಕೇಳದೆಯೇ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದಳು. ಇಂಡಿಕೇಟರ್ ಆರಿಸಲು ಮರೆತರೆ ಹಿಂದೆ ಬರೀ ಕೀಂ ಎನ್ನುತ್ತಿತ್ತು, ಈಗ ಪರದೆಯ ಅಂಚೆಲ್ಲ ಹಳದಿಯಾಗಿ ಹೊಳೆಯುತ್ತದೆ. ಫೋನು ಬಂದರೆ ಹಿಂದೆ ಕನ್ನಡದ ಹೆಸರೆಲ್ಲ ಖಾಲಿ ಚೌಕಗಳಾಗಿ ಕಾಣುತ್ತಿತ್ತು, ಈಗ ದಪ್ಪ ಕನ್ನಡದಲ್ಲೇ ಮೂಡುತ್ತದೆ. "ಇದೆಲ್ಲ ಹೊಸ ಅಪ್‌ಡೇಟಿನಲ್ಲಿ ಉಂಟು ಸರ್. ನಿಮಗೆ ಬೇಕಾದೀತು."

ದೇವರಿಗೆ ಕೈಮುಗಿಯುವುದು ನನಗೆ ರೂಢಿ, ಕಣ್ಣಿನ ಗೆರೆ ಬರೆದೂ ಬರೆದೂ ಆ ಮುಖಗಳ ಪರಿಚಯ ಚೆನ್ನಾಗಿದೆ. ಆದರೆ ಎಲ್ಲಿಯೋ ಒಂದು ಕೋಣೆಯಲ್ಲಿ ಕೂತು, ಸದ್ದು ಕೇಳದವನೂ ಬೈಕು ಓಡಿಸಬಹುದು, ಅವನಿಗೆ ಸದ್ದಿನ ಬದಲು ಬೆಳಕು ಕೊಡೋಣ ಎಂದು ಯೋಚಿಸಿದ ಆ ಕಾಣದ ವ್ಯಕ್ತಿಯ ಮುಖ ನನಗೆ ಗೊತ್ತಿಲ್ಲ. ನನ್ನ ಹೆಸರು ಊರು ತಿಳಿಯದೆಯೇ ನನ್ನ ಬಗ್ಗೆ ಅಷ್ಟು ಹೊತ್ತು ಕಾಳಜಿ ಮಾಡಿದವರು ಅವರು. ಅದನ್ನು ನನ್ನವರೆಗೆ ತಲುಪಿಸಿದ ನಸೀಮಾ ಅಷ್ಟಕ್ಕೇ ನಿಲ್ಲದೆ ಬಾಗಿಲವರೆಗೂ ಬಂದು ಕೈಬೀಸಿದಳು. ಕೃತಜ್ಞತೆ ಎಂಬ ಉದ್ದದ ಶಬ್ದವನ್ನು ಭಾಷಣಗಳಲ್ಲಿ ಕೇಳಿ ಆಕಳಿಸಿದ್ದೆ. ಅಂದು ಅದನ್ನೇ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಹೇಳಿಕೊಂಡು ಬಂದೆ.

ಮನೆಗೆ ಬಂದು ಎಲ್ಲವನ್ನೂ ವಸಂತಿಗೆ ತೋರಿಸಿದೆ. ಅವಳು ಪರದೆಯನ್ನು ಸೆರಗಿನಿಂದ ಒಮ್ಮೆ ಒರೆಸಿ, "ಕಾಪುವರೆಗೆ ನನ್ನನ್ನು ಕರ್ಕೊಂಡು ಹೋಗಿ. ಮಾರುವುದಾ ಬೇಡವಾ ಅಂತ ಆಮೇಲೆ ಹೇಳ್ತೇನೆ" ಎಂದಳು. ವರ್ಷಗಳ ನಂತರ ಹಿಂದಿನ ಸೀಟಿಗೆ ಅವಳ ಭಾರ ಬಿತ್ತು. ನಾನು ಪರೀಕ್ಷೆಗೆ ಕೂತವನ ಹಾಗೆ, ಎಲ್ಲ ತಿರುವಿನಲ್ಲೂ ಕನ್ನಡಿ ನೋಡುತ್ತ, ಗದ್ದೆಗಳ ನಡುವೆ ಮೆಲ್ಲನೆ ಹೊರಟೆ.

ಅರ್ಧ ದಾರಿಯಲ್ಲಿ ಪರದೆ ಬೆಳಗಿತು. ದೊಡ್ಡ ಅಕ್ಷರದಲ್ಲಿ 'ವಸಂತಿ' ಎಂದಿತ್ತು. ಹಿಂದೆ ಎಲ್ಲೋ ಬಿದ್ದುಹೋದಳೆಂದೇ ಅಂದುಕೊಂಡೆ. ಬದಿಗೆ ತಂದು ನಿಲ್ಲಿಸಿ ತಿರುಗಿದರೆ ಅವಳು ಅಲ್ಲೇ ಇದ್ದಳು, ಫೋನನ್ನು ಎದೆಗೆ ಒತ್ತಿಕೊಂಡು, ಮುಖ ಕೆಂಪಾಗಿಸಿಕೊಂಡು.

"ಎಂತಾಯ್ತು?"

ಅವಳ ತುಟಿಗಳನ್ನು ನೋಡಿದೆ. "ಎಂತ ಇಲ್ಲ. ಕರೆದ್ರೆ ನಿಲ್ಲಿಸ್ತೀರಾ ಅಂತ ನೋಡಿದ್ದು."

ಮತ್ತೆ ಹೊರಟೆವು. ಸ್ವಲ್ಪ ದೂರದಲ್ಲಿ ಪುನಃ ಅವಳ ಹೆಸರು ಬಂತು, ಯಾರದೋ ಹೊಸ ಮನೆಗೆ ಹೊಡೆದ ಬಣ್ಣ ಚೆನ್ನಾಗಿಲ್ಲ ಎಂದು ಹೇಳಲಿಕ್ಕೆ. ಆಮೇಲೆ ಗದ್ದೆಗಿಳಿದ ಕೊಕ್ಕರೆಗಳನ್ನು ತೋರಿಸಲಿಕ್ಕೆ, ಆಮೇಲೆ ಅಣ್ಣನಿಗೆ ರಾತ್ರಿಯೇ ಫೋನು ಮಾಡಿ ಬೈಕು ಮಾರುವುದಿಲ್ಲ ಎನ್ನಬೇಕೆಂದು ನೆನಪಿಸಲಿಕ್ಕೆ. ಪ್ರತಿ ಸಲವೂ ನಾನು ನಿಲ್ಲಿಸಿ, ತಿರುಗಿ, ಅವಳ ಮುಖ ನೋಡಿದೆ. ಇನ್ನಂಜೆಯಿಂದ ಕಾಪುವಿಗೆ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು, ಮತ್ತು ನನಗೆ ತಲುಪುವ ಅವಸರವೇ ಇರಲಿಲ್ಲ.