ಪಕ್ಕದಂಗಡಿಯ 786

ಆ ನೋಟು ಗೌಡರ ಪಾಲಿಗೆ ಬರಬಾರದಿತ್ತು. ಹುಣಸೂರಿನಲ್ಲಿ ನನ್ನದು ಫೋಟೊ ಫ್ರೇಮಿನ ಅಂಗಡಿ, ಪಕ್ಕದ್ದು ಗೌಡರ ದಿನಸಿ ಅಂಗಡಿ. ಸಾಲಿಗ್ರಾಮದ ಕಡೆಯ ಗಿರಾಕಿಯೊಬ್ಬ ಬೆಲ್ಲ ಕೊಂಡು ಕೊಟ್ಟ ಹಳೆಯ ಹತ್ತು ರೂಪಾಯಿಯ ನೋಟಿನ ನಂಬರು 786ಕ್ಕೆ ಮುಗಿಯುತ್ತಿತ್ತು. ಬಿಸ್ಮಿಲ್ಲಾದ ಸಂಖ್ಯೆಯೆಂದು ನಮ್ಮ ಮನೆಗಳಲ್ಲಿ ಅಂಥ ನೋಟನ್ನು ಖರ್ಚು ಮಾಡುವುದಿಲ್ಲ, ಬರಕತ್ತಿಗೆಂದು, ಏಳಿಗೆಗೆಂದು ಎತ್ತಿಡುತ್ತೇವೆ. ಇಷ್ಟು ವರ್ಷ ಗಲ್ಲಾಪೆಟ್ಟಿಗೆಗೆ ಬಿದ್ದ ನೋಟನ್ನೆಲ್ಲ ತಿರುಗಿಸಿ ನೋಡಿದವನು ನಾನು. ಸಿಕ್ಕಿದ್ದು ನಂಬರಿನ ಕಡೆ ಕಣ್ಣೇ ಹಾಯಿಸದ ಗೌಡರಿಗೆ.

ಅದಕ್ಕಿಂತ ಉರಿದದ್ದು ಇನ್ನೊಂದಕ್ಕೆ. ಆ ನೋಟು ಚಿಲ್ಲರೆಯಾಗಿ ನನ್ನ ಅಮ್ಮಿಯ ಕೈಗೇ ಬಂದಿತ್ತು. ಅಮ್ಮಿ ಅದನ್ನು ಮಡಿಸಿಕೊಂಡು ನನ್ನ ಅಂಗಡಿಗೆ ತರಲಿಲ್ಲ. ಇದು ನಿನ್ನ ಅಂಗಡಿಗೆ ಬಂದ ಬರಕತ್ತು, ನೀನೇ ಇಟ್ಟುಕೋ ಎಂದು ಗೌಡರಿಗೆ ವಾಪಸ್ ಕೊಟ್ಟಳು.

ಗೌಡರು ಅದಕ್ಕೆ ಫ್ರೇಮ್ ಹಾಕಿಸಿದ್ದು ನನ್ನ ಹತ್ತಿರವೇ. ಹೊಟ್ಟೆಕಿಚ್ಚಿನಲ್ಲೂ ಕೆಲಸ ಕೆಡಿಸುವವನಲ್ಲ ನಾನು, ಅಚ್ಚುಕಟ್ಟಾಗಿ ಹಾಕಿಕೊಟ್ಟೆ. ಅವರು ಅದನ್ನು ದೇವರ ಪಟದ ಪಕ್ಕ ನೇತುಹಾಕಿ ದಿನಾ ಊದುಬತ್ತಿ ಬೆಳಗತೊಡಗಿದರು. ಶುಕ್ರವಾರ ಬಂತೆಂದರೆ ಅಮ್ಮಿ ನನ್ನ ಅಂಗಡಿಯ ಮುಂದೆಯೇ ಹಾದು ಅಲ್ಲಿಗೆ ಹೋಗಿ, ಗಾಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಆಮೇಲೆ ಎಷ್ಟು ಹೊತ್ತಾದರೂ ಎದ್ದು ಬರುತ್ತಿರಲಿಲ್ಲ. ಗೌಡರೂ ಅವಳನ್ನು ಅಮ್ಮೀ ಎಂದೇ ಕರೆಯುವರು. ಆ ಎರಡಕ್ಷರ ಗೋಡೆಯಾಚೆಯಿಂದ ಕೇಳಿದಾಗಲೆಲ್ಲ ನಾನು ಗಾಜು ಕೊಯ್ಯುವ ಗೆರೆ ಸೊಟ್ಟಗಾಗುತ್ತಿತ್ತು.

ಕೊನೆಗೆ ಮೊಬೈಲಿನಲ್ಲಿ ಹಳೇ ನೋಟು ಮಾರುವವನೊಬ್ಬನನ್ನು ಹಿಡಿದೆ. ಅದೇ ಹತ್ತರ ನೋಟು, 786, ಅಸಲಿಗೆ ಗ್ಯಾರಂಟಿ ಎಂದು ಬರೆದಿದ್ದ. ಹತ್ತು ರೂಪಾಯಿಗೆ ಎಷ್ಟು ತೆತ್ತೆನೆಂದು ಹೆಂಡತಿಗೂ ಹೇಳಲಿಲ್ಲ. ಬಂದ ದಿನವೇ ಮನೆಗೆ ಒಯ್ದು ಅಮ್ಮಿಯ ಕೈಗಿಟ್ಟೆ. ಅವಳು ಎಲೆಅಡಿಕೆ ಜಗಿಯುತ್ತಿದ್ದವಳು ನಂಬರಿಗೆ ಮುತ್ತಿಟ್ಟು ಕಣ್ಣಿಗೆ ಒತ್ತಿಕೊಂಡಳು. ತೆಗೆದು ನೋಡಿದರೆ ಕೊನೆಯ ಮೂರು ಅಂಕಿ ಕೆಂಪಗೆ ಹರಡಿ ಕಲಸಿಹೋಗಿದ್ದವು.

ಅಮ್ಮಿ ಅತ್ತೇಬಿಟ್ಟಳು. ತನ್ನ ಎಂಜಲು ಬಾಯಿಂದ ಪವಿತ್ರ ನಂಬರು ಹಾಳಾಯಿತು ಎಂದುಕೊಂಡಳು. ಎಲೆಅಡಿಕೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದಳು. ಆ ಶುಕ್ರವಾರ ಗೌಡರ ಅಂಗಡಿಗೂ ಹೋಗಲಿಲ್ಲ. ನೋಟು ಹೋದದ್ದಕ್ಕೆ ಸಂಕಟವಿದ್ದರೂ, ಅವಳು ಅಲ್ಲಿಗೆ ಹೋಗಲಿಲ್ಲವಲ್ಲ ಎಂದು ನನ್ನೊಳಗೆ ಒಂದು ಸಣ್ಣ ಖುಷಿಯೂ ಇತ್ತು.

ಆದರೆ ಅನುಮಾನ ಬಿಡಲಿಲ್ಲ. ಅಂಗಡಿಯಲ್ಲಿ ಒದ್ದೆ ಹತ್ತಿಯಿಂದ ನಂಬರಿನ ಮೊದಲ ಅಂಕಿಗಳನ್ನು ಒರೆಸಿದೆ. ಅವು ಜಪ್ಪಯ್ಯ ಎನ್ನಲಿಲ್ಲ. ಕೊನೆಯ ಮೂರನ್ನು ಮುಟ್ಟಿದರೆ ಹತ್ತಿ ಕೆಂಪಾಯಿತು. ಯಾವುದೋ ನೋಟಿನ ಕೊನೆಯ ಅಂಕಿ ಅಳಿಸಿ 786 ಅಚ್ಚೊತ್ತಿದ್ದಾರೆ ಎಂದು ಅಮ್ಮಿಗೆ ಹೇಳಿದೆ. ನನ್ನ ಸಮಾಧಾನಕ್ಕೆ ಕಥೆ ಕಟ್ಟಬೇಡ ಎಂದು ಮುಖ ತಿರುಗಿಸಿದಳು. ಅವಳು ನಂಬಬೇಕಾದರೆ ಅಸಲಿ ನೋಟು ಎದುರಿಗೇ ಒದ್ದೆಯಾಗಬೇಕು. ಅದು ಇದ್ದದ್ದು ಒಂದೇ ಕಡೆ.

ಗೌಡರ ಅಂಗಡಿಯ ಮೆಟ್ಟಿಲು ಹತ್ತಿ, ಕೊಂಡದ್ದು, ಮೋಸಹೋದದ್ದು, ಅಮ್ಮಿ ಎಲೆಅಡಿಕೆ ಬಿಟ್ಟದ್ದು ಎಲ್ಲ ಹೇಳಿ, ಅವರ ನೋಟನ್ನು ಅವಳೆದುರು ಒದ್ದೆ ಮಾಡಿ ತೋರಿಸಬೇಕೆಂದು ಕೇಳಿದೆ. ಯಾಕೆ ಕೊಂಡೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

"ಫ್ರೇಮ್ ಬಿಚ್ಚಿ ಭಾಯ್, ನೀವೇ ಆಕಿದ್ದು ತಾನೆ?" ಎಂದರು. "ಒಂಟೋದ್ರೆ ಓಗ್ಲಿ ಬುಡಿ. ಅಮ್ಮಿ ಎಲೆಅಡ್ಕೆ ಬುಟ್ಟವ್ರೆ ಅಂದ್ರೆ ಎಂಗೆ ಕಣ್ರೀ?"

ಮನೆಗೂ ಜೊತೆಯಲ್ಲೇ ಬಂದರು, ಅಂಗಡಿಯಿಂದ ಎಲೆ, ಅಡಿಕೆ ಕಟ್ಟಿಕೊಂಡು. "ಅಗೀರಿ ಅಮ್ಮೀ, ಅಗ್ದು ಇದುಕ್ಕೂ ಒಂದ್ ಮುತ್ತು ಕೊಡಿ" ಎಂದು ನೋಟು ಹಿಡಿದರು. ಅಮ್ಮಿ ಹೆದರಿ ಹೆದರಿ ತುಟಿ ಮುಟ್ಟಿಸಿದಳು. ನಾನು ಹತ್ತಿಯಿಂದ ಒರೆಸಿದೆ. ಎಂಜಲಷ್ಟೇ ಬಂತು, ಅಂಕಿಗಳು ಕೂತಲ್ಲೇ ಕೂತಿದ್ದವು. ಅಮ್ಮಿ ನನ್ನ ಮುಖ ನೋಡಿ ಬಾಯಿ ತುಂಬ ನಕ್ಕಳು. ಆ ನಗುವನ್ನು ಕೊಡಿಸಿದವರೂ ಗೌಡರೇ.

ಮಾರಿದವನಿಗೆ ಫೋಟೊ ಕಳಿಸಿದೆ. ನೀವೇ ನೀರು ತಾಗಿಸಿದ್ದೀರಿ ಎಂದು ಉತ್ತರ ಬರೆದ, ಮರುದಿನ ಅವನ ಪುಟವೇ ಮಾಯ. ಪುಣ್ಯಕ್ಕೆ ಅವನ ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲೇ ಹಿಡಿದಿಟ್ಟಿದ್ದೆ, ನೋಟು ಬಂದ ಕವರನ್ನೂ ಎಸೆದಿರಲಿಲ್ಲ. ಬ್ಯಾಂಕಿನವರು ನೋಟನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಚಲಾಯಿಸಬೇಡಿ, ಇನ್ನೊಬ್ಬರಿಗೆ ಮಾರಲೂ ಬೇಡಿ, ಸ್ಟೇಷನ್ನಿಗೆ ಕೊಡಿ ಎಂದರು. ಎಲ್ಲವನ್ನೂ ಒಯ್ದು ದೂರು ಕೊಟ್ಟು ಬಂದೆ. ದುಡ್ಡು ಬರುತ್ತದೋ ಇಲ್ಲವೋ, ಈವರೆಗೆ ಸುದ್ದಿಯಿಲ್ಲ.

ಗೌಡರ ನೋಟಿಗೆ ಮತ್ತೆ ಫ್ರೇಮ್ ಹಾಕುತ್ತಿದ್ದಾಗ ಅವರು ಬಂದು, "ಇದ್ನ ಅಮ್ಮಿಗೇ ಕೊಟ್ಬುಡಿ ಭಾಯ್. ನಿಮ್ ಅಂಗ್ಡೀಲೇ ಇರ್ಲಿ" ಎಂದರು. ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಓಡಿಹೋಗಿ ಅಮ್ಮಿಗೆ ಹೇಳಿದೆ.

"ಅಲ್ಲೇ ಇರಲಿ" ಎಂದಳು. "ನೋಟು ನೋಡೋಕೆ ಅಂತಲ್ವಾ ನಾನು ಅಲ್ಲಿಗೆ ಹೋಗೋದು? ಹೋದರೆ ಅವನು ಸ್ಟೂಲು ಹಾಕ್ತಾನೆ, ಕೂತ್ಕೊಳಿ ಅಮ್ಮೀ ಅಂತಾನೆ. ನೋಟು ನಿನ್ನ ಹತ್ರ ಬಂದರೆ ಯಾವ ನೆಪ ಹೇಳಿಕೊಂಡು ಹೋಗಲಿ?"

ನನ್ನ ಅಂಗಡಿಯಲ್ಲೂ ಒಂದು ಸ್ಟೂಲಿದೆ. ಅದರ ಮೇಲೆ ಸದಾ ಗಾಜಿನ ಹಾಳೆಗಳು. ಮುಂದಿನ ಶುಕ್ರವಾರ ಗಾಜನ್ನೆಲ್ಲ ನೆಲಕ್ಕಿಳಿಸಿ, ಸ್ಟೂಲು ಒರೆಸಿ ಬಾಗಿಲ ಬಳಿ ಇಟ್ಟು ಕಾದೆ. ಅಮ್ಮಿ ಬಂದಳು, ಸ್ಟೂಲನ್ನು ನೋಡಿದಳು, ನನ್ನನ್ನೂ ನೋಡಿದಳು.

"ಗಾಜು ಕೆಳಗಿಟ್ಟಿದ್ದೀಯ, ತುಳಿದೀಯ, ಹುಷಾರು" ಎಂದು ಹೇಳಿ ಪಕ್ಕದ ಮೆಟ್ಟಿಲು ಹತ್ತಿದಳು.